ಎಲೆಯ ಹಿಂಬದಿ

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಮುಗಿಯುತ್ತಾ ಬಂದಿದೆ. ಈ ಹೊತ್ತಿಗೆ ನಮ್ಮ ಕೊಡಗಿನ ಅರೇಬಿಕಾ ಕಾಫಿ ತೋಟಕ್ಕೆ ಹೋಗಿ ಒಂದು ಎಲೆ ಮಗುಚಿ ನೋಡಿ. ಅರಿಶಿನಕ್ಕೆ ಚೂರು ಕುಂಕುಮ ಬೆರೆಸಿದಂಥ ಪುಡಿ ಬೆರಳಿಗೆ ಅಂಟಬಹುದು. ಅದೇ ಎಲೆ ತುಕ್ಕು, ಕಾಫಿ ಗಿಡಕ್ಕೆ ಬರುವ ಬೂಷ್ಟು ರೋಗ. ಮೇಲಿಂದ ಕಾಣುವುದು ಬರೀ ಹಳದಿ ಚುಕ್ಕೆ.

ಕಳೆದ ವಾರ ನನ್ನ ಮಗಳು ಈ ಎಲೆಯ ಚಿತ್ರ ಬರೆಯುತ್ತಿದ್ದಳು. ಬರೆಯುವಾಗ ಕಣ್ಣು ಬೇರೆಯೇ ಥರ ಕೆಲಸ ಮಾಡುತ್ತದೆ, ಅಲ್ವಾ? ಸುಮ್ನೆ ನೋಡಿದರೆ ‘ಕಾಫಿ ಎಲೆ’ ಅಂತ ಹೆಸರು ಹೇಳಿ ಮುಂದೆ ಹೋಗುತ್ತೇವೆ. ಬರೆಯಲು ಕೂತರೆ ನರ ಎಷ್ಟು, ಅಂಚು ಎಲ್ಲಿ ಅಲೆಯಾಗಿದೆ, ಪುಡಿ ಎಲ್ಲಿ ಕೂತಿದೆ ಎಂದು ಎಲೆಯನ್ನೇ ಕೇಳಬೇಕು.

1880ರಲ್ಲಿ ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ತರುಣ ವಿಜ್ಞಾನಿ ಸಿಲೋನಿಗೆ, ಅಂದರೆ ಈಗಿನ ಶ್ರೀಲಂಕಾಕ್ಕೆ, ಬಂದದ್ದು ಇದೇ ಪುಡಿಯ ಬೆನ್ನು ಹತ್ತಿ. ರೋಗ ಅಲ್ಲಿ 1869ರಲ್ಲಿ ಕಾಣಿಸಿ, ತೋಟ ತೋಟಗಳನ್ನೇ ನುಂಗುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ವಾರ್ಡ್ ಚಿತ್ರವಾಗಿ ಬರೆದಿಟ್ಟರು. ಬೂಷ್ಟಿನ ಕಣಗಳು ಗಾಳಿಯಲ್ಲಿ ಬಂದು, ಎಲೆಯ ಹಿಂಬದಿಯ ಉಸಿರಾಟದ ರಂಧ್ರಗಳಿಂದ ಒಳಗೆ ನುಗ್ಗುತ್ತವೆ ಎಂದು ತೋರಿಸಿದರು. ಗುಡ್ಡದಿಂದ ಗುಡ್ಡಕ್ಕೆ ಒಂದೇ ಬೆಳೆ ಹಬ್ಬಿಸಿದ್ದು ರೋಗಕ್ಕೆ ದಾರಿ ಮಾಡಿಕೊಟ್ಟಿತು ಎಂದೂ ಹೇಳಿದರು. ತೋಟಗಾರರು ಕೇಳಿದ್ದು ಔಷಧಿ. ಸಿಕ್ಕಿದ್ದು ಕಾರಣ. ಸಿಲೋನ್ ಕೊನೆಗೆ ಚಹಾ ಬೆಳೆಯಿತು.

ಇತ್ತ ಮೈಸೂರು ಸೀಮೆಯಲ್ಲಿ ಕೆಂಟ್ ಎಂಬ ತೋಟಗಾರರು ಸೊರಗಿದ ಗಿಡಗಳ ನಡುವೆ ಗಟ್ಟಿಯಾಗಿ ನಿಂತಿದ್ದ ಒಂದು ಗಿಡವನ್ನು ಗಮನಿಸಿ, ಅದರ ಬೀಜ ಉಳಿಸಿದರು. ಆ ಕೆಂಟ್ಸ್ ತಳಿಯನ್ನು, ಲಿಬೇರಿಕಾ ಕಾಫಿಯ ಗುಣ ಸೇರಿದ್ದ ಇನ್ನೊಂದು ತಳಿಯ ಜೊತೆ ಬಾಳೆಹೊನ್ನೂರಿನ ಸಂಶೋಧಕರು ಕೂಡಿಸಿದಾಗ ಹುಟ್ಟಿದ್ದು ನಮ್ಮ ಬೆಳೆಗಾರರಿಗೆಲ್ಲ ಗೊತ್ತಿರುವ ಎಸ್. 795 ಎಂಬ ಕಾಫಿ ತಳಿ. ತುಕ್ಕು ತಡೆಯುವ ಜೀನ್ ಲಿಬೇರಿಕಾದ ಕಡೆಯಿಂದ ಬಂತು. ಆದರೆ ತುಕ್ಕೂ ಜೀವ ತಾನೇ? ಅದೂ ಬದಲಾಯಿತು, ಹೊಸ ಹೊಸ ಬಗೆಯಾಗಿ ಮತ್ತೆ ಬಂತು. ಇಂದು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರು ಗಿಡದಿಂದ ಗಿಡಕ್ಕೆ ನಡೆದು ಹುಡುಕುತ್ತಿದ್ದರೆ, ಅದು ಕೆಂಟ್ ಅವತ್ತು ಮಾಡಿದ್ದೇ ಕೆಲಸ.

ಈ ಕೆಲಸಕ್ಕೆ ಜೀವ ತೆತ್ತವರೂ ಇದ್ದಾರೆ. ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೊವ್ ಅರೇಬಿಕಾದ ತವರಾದ ಇಥಿಯೋಪಿಯವೂ ಸೇರಿ ದೇಶ ದೇಶ ಸುತ್ತಿ ಬೆಳೆಗಳ ಬೀಜ ಕೂಡಿಟ್ಟರು. ಅಲ್ಲಿ ಟ್ರೋಫಿಮ್ ಲೈಸೆಂಕೊ ಎಂಬವರು, ಬೆಳೆಸುವ ರೀತಿಯಿಂದಲೇ ಬೆಳೆಯ ಹುಟ್ಟುಗುಣ ಬದಲಿಸಬಹುದು ಎಂದರು. ಸ್ಟಾಲಿನ್‌ಗೆ ಆ ಮಾತು ಹಿಡಿಸಿತು. ಒಪ್ಪದ ವಾವಿಲೊವ್ 1940ರಲ್ಲಿ ಸೆರೆಯಾದರು, 1943ರಲ್ಲಿ ಸರಟೊವ್ ಜೈಲಿನಲ್ಲಿ ತೀರಿಕೊಂಡರು. ಆ ಬೀಜಗಳಿದ್ದ ಲೆನಿನ್‌ಗ್ರಾಡ್‌ಗೆ ಜರ್ಮನ್ ಸೈನ್ಯ ಮುತ್ತಿಗೆ ಹಾಕಿದಾಗ ಅವರ ಕೆಲವು ಸಹೋದ್ಯೋಗಿಗಳು ಅಕ್ಕಿ, ಕಡಲೆಕಾಯಿ ಬೀಜಗಳ ಮಧ್ಯೆ ಕೂತು ಹಸಿವಿನಿಂದ ಸತ್ತರು, ಒಂದು ಕಾಳನ್ನೂ ತಿನ್ನಲಿಲ್ಲ. ಇದನ್ನು ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ. 1948ರಲ್ಲಂತೂ ಅಲ್ಲಿ ಜೀನ್ ಶಾಸ್ತ್ರವೇ ಸುಳ್ಳು ಎಂದು ಸಭೆ ಕೂಡಿ ಸಾರಿದರು.

ನಾವೇನೂ ಅಷ್ಟು ದೂರ ಹೋಗಿಲ್ಲ, ನಿಜ. ಆದರೂ ಪಶ್ಚಿಮ ಘಟ್ಟದ ಪರಿಸರ ಉಳಿಸುವ ಬಗ್ಗೆ ಬಂದ 2011ರ ಗಾಡ್ಗೀಳ್ ವರದಿಯನ್ನು ನೆನೆಯಿರಿ. ಪರವಾಗಿ ಕೂಗಿದವರಲ್ಲೂ ವಿರೋಧವಾಗಿ ಕೂಗಿದವರಲ್ಲೂ ಅದನ್ನು ಓದದವರೇ ಜಾಸ್ತಿ ಅಂತ ನನಗನಿಸುತ್ತದೆ. ಬೆಟ್ಟವನ್ನು ಕೇಳುವ ಮೊದಲೇ ಉತ್ತರ ರೆಡಿ ಇತ್ತು. ನನಗೆ ಇದು ತುಂಬಾ ನೋವಿನ ವಿಷಯ.

ಚಿತ್ರ ಮುಗಿಸಿದ ಮಗಳು ಕೇಳಿದಳು: ‘ತೋಡಿನ ಪಕ್ಕದ ಆ ಗಿಡದಲ್ಲಿ ಮಾತ್ರ ಪುಡಿಯೇ ಇಲ್ಲವಲ್ಲ, ಯಾಕೆ?’ ನೆರಳು ಜಾಸ್ತಿ ಇರಬಹುದು. ಗಾಳಿ ತಪ್ಪಿರಬಹುದು. ಗಿಡದ ಗುಣವೇ ಇರಬಹುದು. ನನ್ನಲ್ಲಿ ಉತ್ತರ ಇರಲಿಲ್ಲ. ಅವಳ ಕೆಂಪು ರಿಬ್ಬನ್ ಒಂದನ್ನು ಆ ಗಿಡದ ಕೊಂಬೆಗೆ ಕಟ್ಟಿ ಬಂದಿದ್ದೇವೆ. ಮುಂದಿನ ಮಳೆಗಾಲ ಕಳೆದ ಮೇಲೆ ಅದೇ ಗಿಡದ ಎಲೆಯನ್ನು ಮತ್ತೆ ಬರೆಯುತ್ತಾಳಂತೆ.

ನಮಸ್ಕಾರ.