ಮನೆತನದಲ್ಲಿ ಯಾರಿಗೂ ಇಲ್ಲದ ಅವಳಿ

ಕೇಳುಗರಿಗೆ ನಮಸ್ಕಾರ.

ಹೊಟ್ಟೆಯಲ್ಲಿ ಅವಳಿ ಮಕ್ಕಳಿವೆ ಎಂದು ಗೊತ್ತಾದ ಕೂಡಲೇ ನಮ್ಮ ಜನ ಕೇಳುವ ಮೊದಲ ಮಾತು, "ನಿಮ್ಮ ಕಡೆ ಯಾರಿಗಾದರೂ ಇತ್ತಾ?" ಇತ್ತು ಎಂದರೆ ಎಲ್ಲರಿಗೂ ಸಮಾಧಾನ. ಇಲ್ಲ ಎಂದರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಗುಟ್ಟಾಗಿ ಏನಾದರೂ ಚಿಕಿತ್ಸೆ ಮಾಡಿಸಿಕೊಂಡಳೇ, ಜೋಡಿ ಬಾಳೆಹಣ್ಣು ತಿಂದಳೇ, ಯಾವ ದೇವರಿಗೆ ಹರಕೆ ಹೊತ್ತಿದ್ದಳು ಎಂದೆಲ್ಲ ವಿಚಾರಣೆ ನಡೆಯುತ್ತದೆ. ಪ್ರಸೂತಿ ವೈದ್ಯೆಯಾಗಿ ಈ ವಿಚಾರಣೆಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮನೆತನದಲ್ಲಿ ಒಬ್ಬರಿಗೂ ಇಲ್ಲದೆ ಅವಳಿ ಆಗುವುದು ತೀರ ಸಹಜವಾದ ಸಂಗತಿ. ಆ ಹೊತ್ತಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ. ಅದನ್ನು ಮಾತ್ರ ಹೆಚ್ಚಿನವರು ಕೇಳುವುದಿಲ್ಲ.

ಒಮ್ಮೆ ಒಬ್ಬ ಹುಡುಗಿ ಅತ್ತೆಯ ಜೊತೆ ಸ್ಕ್ಯಾನಿಂಗ್‌ಗೆ ಬಂದಿದ್ದಳು. ಮೊದಲ ಬಸಿರು, ಎಂಟನೆಯ ವಾರ. ಪರದೆಯ ಮೇಲೆ ಬೂದು ಬಣ್ಣದ ನಡುವೆ ಎರಡು ಕಪ್ಪು ಗೂಡುಗಳು, ಒಂದೊಂದರಲ್ಲೂ ಮಿಣುಕುವ ಒಂದೊಂದು ಚುಕ್ಕೆ. ಎರಡು ಹೃದಯಗಳು. ಪರದೆಯನ್ನು ಅವರ ಕಡೆಗೆ ತಿರುಗಿಸಿ ತೋರಿಸಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಡೆ ಏಳು ತಲೆಮಾರಿನಲ್ಲಿ ಯಾರಿಗೂ ಇಲ್ಲ ಡಾಕ್ಟರಮ್ಮ" ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, "ನಿಮ್ಮ ತವರಿನಲ್ಲಿ ಇತ್ತೇನಮ್ಮ?" ಆ ಹುಡುಗಿ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ತಲೆಯಾಡಿಸಿದಳು. ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಳ್ಳುವುದನ್ನೂ ಮರೆತಿದ್ದಳು.

ಆ ಅತ್ತೆಯವರು ಕೆಟ್ಟವರಲ್ಲ. ಅವರಿಗೆ ಕಾರಣ ಬೇಕಾಗಿತ್ತು, ಅಷ್ಟೆ. ಆ ಕಾರಣವನ್ನೇ ಮೊದಲು ನೋಡೋಣ.

ಅವಳಿಗಳಲ್ಲಿ ಎರಡು ಬಗೆ. ಒಂದೇ ಅಂಡ ಫಲಿತವಾಗಿ, ಆಮೇಲೆ ಎರಡಾಗಿ ಒಡೆದು ಬೆಳೆದರೆ ಅವರು ತದ್ರೂಪಿ ಅವಳಿಗಳು. ಇದು ಸಾವಿರ ಹೆರಿಗೆಗಳಲ್ಲಿ ಮೂರು ನಾಲ್ಕು ಕಡೆ ಆಗುತ್ತದೆ. ಜಗತ್ತಿನ ಯಾವ ದೇಶಕ್ಕೆ ಹೋದರೂ ಈ ಲೆಕ್ಕ ಹೆಚ್ಚುಕಡಿಮೆ ಒಂದೇ. ಇದಕ್ಕೆ ಸಾಮಾನ್ಯವಾಗಿ ವಂಶದ ಸಂಬಂಧವೇ ಇಲ್ಲ. ತಾಯಿ ತಿಂದದ್ದು, ಮಾಡಿದ್ದು, ನೆನೆದದ್ದು ಯಾವುದೂ ಇದಕ್ಕೆ ಕಾರಣವಲ್ಲ.

ಎರಡನೆಯ ಬಗೆಯಲ್ಲಿ ಒಂದೇ ತಿಂಗಳು ಎರಡು ಅಂಡಗಳು ಬಿಡುಗಡೆಯಾಗಿ ಎರಡೂ ಫಲಿತವಾಗುತ್ತವೆ. ಈ ಮಕ್ಕಳು ಒಟ್ಟಿಗೆ ಬಸಿರಿಗೆ ಬಂದ ಅಣ್ಣ ತಂಗಿ, ಅಕ್ಕ ತಮ್ಮ ಎನ್ನಿ. ರೂಪದಲ್ಲೂ ಅಷ್ಟೇ ಹೋಲಿಕೆ. ಪ್ರತಿ ತಿಂಗಳೂ ಹೆಣ್ಣಿನ ಅಂಡಾಶಯದಲ್ಲಿ ಹಲವು ಅಂಡಗಳು ಬೆಳೆಯಲು ತೊಡಗುತ್ತವೆ. ಅವುಗಳನ್ನು ಬೆಳೆಸುವ ಎಫ್‌ಎಸ್‌ಎಚ್ ಎಂಬ ಹಾರ್ಮೋನು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ನಡುವೆ ಆ ಹಾರ್ಮೋನು ಇಳಿಯುವುದರಿಂದ ಒಂದು ಅಂಡ ಮಾತ್ರ ಪೂರ್ತಿ ಪಕ್ವವಾಗಿ, ಉಳಿದವು ಸೊರಗುತ್ತವೆ. ಹಾರ್ಮೋನಿನ ಮಟ್ಟ ತುಸು ಮೇಲೆಯೇ ನಿಂತರೆ ಎರಡು ಅಂಡಗಳು ಪಕ್ವವಾಗಬಹುದು. ವಯಸ್ಸು 35 ದಾಟಿದ ಮೇಲೆ ಅಂಡಾಶಯ ಮಂದವಾಗುತ್ತಾ ಬರುವುದರಿಂದ ಪಿಟ್ಯುಟರಿ ಗ್ರಂಥಿ ಈ ಹಾರ್ಮೋನನ್ನು ಹೆಚ್ಚಿಸುತ್ತದೆ. "ಈ ವಯಸ್ಸಿನಲ್ಲಿ ಒಂದು ನಿಂತರೆ ಸಾಕು" ಎಂದುಕೊಂಡಿದ್ದವರಿಗೆ ಕೆಲವೊಮ್ಮೆ ಎರಡು ನಿಲ್ಲುವುದು ಈ ಕಾರಣಕ್ಕೆ. ಹಲವು ಬಾರಿ ಹೆತ್ತವರಲ್ಲಿ, ಎತ್ತರದ ಮೈಕಟ್ಟಿನವರಲ್ಲಿ, ಮೈತೂಕ ಹೆಚ್ಚಿರುವವರಲ್ಲಿ ಸಹ ಸಾಧ್ಯತೆ ಸ್ವಲ್ಪ ಹೆಚ್ಚು. ಅಂಡ ಬಿಡುಗಡೆಗೆ ಕೊಡುವ ಮಾತ್ರೆ, ಇಂಜೆಕ್ಷನ್‌ಗಳಿಂದ, ಐವಿಎಫ್‌ನಿಂದ ಅವಳಿ ಆಗುವುದು ನಿಜ. ಆ ಚಿಕಿತ್ಸೆ ತೆಗೆದುಕೊಂಡವರು ಅದನ್ನು ಮುಚ್ಚಿಡಬೇಕಾದ ಅಗತ್ಯವೂ ಇಲ್ಲ, ನೆರೆಮನೆಯವರಿಗೆ ಲೆಕ್ಕ ಒಪ್ಪಿಸಬೇಕಾದ ಅಗತ್ಯವೂ ಇಲ್ಲ. ಡಾಕ್ಟರಿಗೆ ಹೇಳಿದರೆ ಸಾಕು.

ವಂಶದ ಪಾತ್ರ ಇರುವುದು ಈ ಎರಡನೆಯ ಬಗೆಯಲ್ಲಿ ಮಾತ್ರ. ಎಫ್‌ಎಸ್‌ಎಚ್‌ಬಿ ಮತ್ತು ಸ್ಮ್ಯಾಡ್3 ಎಂಬ ಎರಡು ಜೀನ್‌ಗಳ ಹತ್ತಿರದ ಭೇದಗಳಿಗೂ ಇದಕ್ಕೂ ನಂಟು ಇದೆ ಎಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆದರೆ ಅಂಡ ಬಿಡುಗಡೆಯಾಗುವುದು ಹೆಣ್ಣಿನ ದೇಹದಲ್ಲಿ. ಹಾಗಾಗಿ ಗಂಡನ ಮನೆತನದಲ್ಲಿ ಅವಳಿ ಇತ್ತೋ ಇಲ್ಲವೋ ಎಂಬುದಕ್ಕೂ ಹೆಂಡತಿಯ ಬಸಿರಿಗೂ ಸಂಬಂಧವಿಲ್ಲ. ಅತ್ತೆಯವರ ಏಳು ತಲೆಮಾರು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ಎರಡು ಮನೆತನವೂ ಒಂದೇ ಆಗುತ್ತದೆ, ಅದು ಬೇರೆ ಮಾತು.

ಇನ್ನು "ತವರಿನಲ್ಲೂ ಇಲ್ಲ" ಎನ್ನುವುದು. ಈ ಗುಣ ಹುಡುಗಿಗೆ ತಂದೆಯ ಕಡೆಯಿಂದಲೂ ಬಂದಿರಬಹುದು. ಗಂಡಸರಲ್ಲಿ ಅದು ಸದ್ದಿಲ್ಲದೆ ಇಳಿದು ಬರುತ್ತದೆ, ಹೊರಗೆ ಕಾಣುವುದಿಲ್ಲ. ಇನ್ನೊಂದು ಸಂಗತಿಯನ್ನು ನಮ್ಮ ಹಿರಿಯ ಹೆಂಗಸರು ಬಾಯಿ ಬಿಟ್ಟು ಹೇಳುವುದು ಕಡಿಮೆ. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಅವಳಿಯಲ್ಲಿ ಒಂದು ಮಗು ಉಳಿಯದಿದ್ದರೆ ಆ ಮಗುವಿನ ಮಾತನ್ನೇ ಎತ್ತುತ್ತಿರಲಿಲ್ಲ. ಸ್ಕ್ಯಾನಿಂಗ್ ಇಲ್ಲದ ದಿನಗಳಲ್ಲಿ ಮೊದಲ ಮೂರು ತಿಂಗಳಲ್ಲೇ ಒಂದು ಪಿಂಡ ಕರಗಿಹೋದದ್ದು ಹೆತ್ತವಳಿಗೇ ಗೊತ್ತಾಗುತ್ತಿರಲಿಲ್ಲ. ಈಗ ಗೊತ್ತಾಗುತ್ತದೆ. ಎಂಟನೆಯ ವಾರದಲ್ಲಿ ಎರಡು ಕಂಡು, ಹನ್ನೆರಡನೆಯ ವಾರದಲ್ಲಿ ಒಂದೇ ಉಳಿದ ತಾಯಂದಿರು ನಮ್ಮಲ್ಲಿಗೆ ಬರುತ್ತಾರೆ. "ಒಂದಾದರೂ ಇದೆಯಲ್ಲ" ಎಂದು ಅವರ ಬಾಯಿ ಮುಚ್ಚಿಸಬೇಡಿ. ಆ ದುಃಖ ನಿಜವಾದದ್ದು, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 16 ಲಕ್ಷ ಜೋಡಿ ಅವಳಿಗಳು ಹುಟ್ಟುತ್ತವೆ, ಅಂದರೆ ಹುಟ್ಟುವ 42 ಮಕ್ಕಳಲ್ಲಿ ಒಂದು ಅವಳಿ ಎಂಬ ಲೆಕ್ಕ 2021ರಲ್ಲಿ ಪ್ರಕಟವಾಯಿತು. ನೈಜೀರಿಯಾದ ಇಗ್ಬೊ ಓರಾ ಊರು, ನಮ್ಮ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯ ಕೊಡಿಞ್ಞಿ ಗ್ರಾಮ ಅವಳಿಗಳಿಗೇ ಹೆಸರಾಗಿವೆ. ಕೊಡಿಞ್ಞಿಯಲ್ಲಿ ನೂರಾರು ಜೋಡಿಗಳಿವೆ. ಅಲ್ಲಿಗೆ ಹೋಗಿ ಪರೀಕ್ಷೆ ನಡೆಸಿದ ಸಂಶೋಧಕರಿಗೆ ಇಂದಿಗೂ ಒಂದು ಖಚಿತ ಕಾರಣ ಸಿಕ್ಕಿಲ್ಲ. ಹೀಗಿರುವಾಗ ಸೊಸೆಯೊಬ್ಬಳಿಂದ ಕಾರಣ ಕೇಳುವುದು ಯಾವ ನ್ಯಾಯ?

ಈಗ ಕೇಳಬೇಕಾದ ಪ್ರಶ್ನೆಗೆ ಬರುತ್ತೇನೆ. "ಡಾಕ್ಟರೇ, ಮಾಸು ಒಂದೋ ಎರಡೋ?"

ಮಾಸು ಎಂದರೆ ಮಗುವಿಗೆ ಹೊಕ್ಕುಳಬಳ್ಳಿಯ ಮೂಲಕ ರಕ್ತ, ಆಹಾರ, ಆಮ್ಲಜನಕ ಒದಗಿಸುವ ಅಂಗ. ಎರಡು ಅಂಡಗಳಿಂದಾದ ಅವಳಿಗಳಿಗೆ ಎರಡು ಮಾಸು ಇರುತ್ತದೆ. ತದ್ರೂಪಿ ಅವಳಿಗಳಲ್ಲಿ ಅಂಡ ಯಾವಾಗ ಒಡೆಯಿತು ಎಂಬುದರ ಮೇಲೆ ಇದು ನಿಂತಿದೆ. ಮೊದಲ ಮೂರು ದಿನದೊಳಗೆ ಒಡೆದರೆ ಅವರಿಗೂ ಎರಡು ಮಾಸು. ನಾಲ್ಕರಿಂದ ಎಂಟನೆಯ ದಿನದ ನಡುವೆ ಒಡೆದರೆ ಮಾಸು ಒಂದು, ನೀರಿನ ಚೀಲ ಎರಡು. ತದ್ರೂಪಿಗಳಲ್ಲಿ ಬಹುಪಾಲು ಹೀಗೆಯೇ. ಅದಕ್ಕಿಂತ ತಡವಾದರೆ ಚೀಲವೂ ಒಂದೇ ಆಗಿ, ಎರಡು ಬಳ್ಳಿಗಳು ಒಂದಕ್ಕೊಂದು ಸುತ್ತಿಕೊಳ್ಳುವ ಅಪಾಯ ಇರುತ್ತದೆ. ಇದು ಅಪರೂಪ.

ಮಾಸು ಒಂದೇ ಆಗಿದ್ದಾಗ ಎರಡು ಮಕ್ಕಳ ರಕ್ತನಾಳಗಳು ಅದರೊಳಗೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಒಂದೇ ಕಾಲುವೆಯ ನೀರಿನಲ್ಲಿ ಎರಡು ಗದ್ದೆ ಬೆಳೆಯುವಾಗ ಒಂದು ಗದ್ದೆ ತುಂಬಿ ಕೊಳೆತು, ಇನ್ನೊಂದು ಒಣಗುವುದುಂಟಲ್ಲ, ಹಾಗೆ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿದುಹೋಗಬಹುದು. ಕೊಡುವ ಮಗು ಸೊರಗುತ್ತದೆ, ಅದರ ಸುತ್ತಲಿನ ನೀರು ಬತ್ತುತ್ತದೆ. ಪಡೆಯುವ ಮಗುವಿನ ಹೃದಯಕ್ಕೆ ಹೊರೆಯಾಗುತ್ತದೆ, ಅದರ ಚೀಲದಲ್ಲಿ ನೀರು ಉಕ್ಕುತ್ತದೆ. ಒಂದೇ ಮಾಸಿನ ಅವಳಿಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಕಡೆ ಹೀಗಾಗುತ್ತದೆ. ಸಕಾಲದಲ್ಲಿ ಕಂಡರೆ ಗರ್ಭಾಶಯದೊಳಗೆ ಸಣ್ಣ ದುರ್ಬೀನು ಇಳಿಸಿ, ಕೂಡಿಕೊಂಡ ನಾಳಗಳನ್ನು ಲೇಸರ್‌ನಿಂದ ಮುಚ್ಚುವ ಚಿಕಿತ್ಸೆ ಇದೆ. ನಮ್ಮ ಬೆಂಗಳೂರಿನಲ್ಲೇ ಅದನ್ನು ಮಾಡುತ್ತಾರೆ. ಕಾಣದೆ ಹೋದರೆ ಎರಡು ಮಕ್ಕಳನ್ನೂ ಕಳೆದುಕೊಳ್ಳುವ ಸಂಭವ ಹೆಚ್ಚು.

ಈ ಒಂದೋ ಎರಡೋ ಎಂಬುದು 11ರಿಂದ 14 ವಾರಗಳ ನಡುವಿನ ಸ್ಕ್ಯಾನಿಂಗ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಎರಡು ಚೀಲಗಳ ನಡುವಿನ ಪೊರೆ ಮಾಸನ್ನು ಸೇರುವ ಜಾಗದಲ್ಲಿ ದಪ್ಪನೆಯ ತ್ರಿಕೋನ ಇದ್ದರೆ ಮಾಸು ಎರಡು, ತೆಳ್ಳಗಿನ ಪೊರೆ ನೇರವಾಗಿ ಹೋಗಿ ನಿಂತಿದ್ದರೆ ಒಂದು. ವಾರಗಳು ಕಳೆದಂತೆ ಈ ಗುರುತು ಮಸುಕಾಗುತ್ತದೆ. ಐದನೆಯ ತಿಂಗಳಲ್ಲಿ ಮೊದಲ ಸ್ಕ್ಯಾನಿಂಗ್‌ಗೆ ಬಂದವರಲ್ಲಿ ಎಷ್ಟೋ ಸಲ ನಮಗೇ ಖಚಿತವಾಗಿ ಹೇಳಲು ಬರುವುದಿಲ್ಲ. ಆದ್ದರಿಂದ ಮೂರನೆಯ ತಿಂಗಳ ಸ್ಕ್ಯಾನಿಂಗ್ ತಪ್ಪಿಸಬೇಡಿ, ವರದಿಯಲ್ಲಿ ಇದನ್ನು ಬರೆಯಿಸಿಕೊಳ್ಳಿ. ಮಾಸು ಒಂದೇ ಆದರೆ 16ನೆಯ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಬೇಕು. ಎರಡಾದರೆ ತಿಂಗಳಿಗೊಮ್ಮೆ ಸಾಕು. ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿ. 1994ರ ಕಾಯ್ದೆಯ ಪ್ರಕಾರ ಅದು ಅಪರಾಧ. ಮೂರನೆಯ ತಿಂಗಳಲ್ಲೇ ಲವ ಕುಶ ಎಂದು ಹೆಸರಿಟ್ಟು ಕಾಯುವ ಮನೆಗಳನ್ನು ಕಂಡಾಗ, ಒಳಗಿರುವ ಎರಡೂ ಹೆಣ್ಣಾಗಿದ್ದರೆ ಅವುಗಳ ಸ್ವಾಗತ ಹೇಗಿರುತ್ತದೋ ಎಂದು ನನಗೆ ಸಂಕಟವಾಗುತ್ತದೆ.

ತಾಯಿಯ ವಿಷಯ. ಅವಳಿ ಬಸಿರಿನಲ್ಲಿ ವಾಂತಿ ಹೆಚ್ಚು, ರಕ್ತಹೀನತೆ ಹೆಚ್ಚು, ರಕ್ತದೊತ್ತಡ ಏರುವ ಸಂಭವ ಹೆಚ್ಚು. ಕಬ್ಬಿಣಾಂಶದ ಮಾತ್ರೆ ತಪ್ಪಿಸುವ ಹಾಗಿಲ್ಲ. ರಾಗಿ, ಸೊಪ್ಪು, ಕಾಳು, ಮೊಟ್ಟೆ ಎಲ್ಲವೂ ಬೇಕು. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ ಸಿಗುತ್ತದೆ, ಸಂಕೋಚಪಡದೆ ಹೋಗಿ ಉಣ್ಣಿ. ತಾಯಿ ಕಾರ್ಡಿನ ಮೇಲೆ "ಅವಳಿ" ಎಂದು ಎದ್ದು ಕಾಣುವಂತೆ ಬರೆದುಕೊಡಲು ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಮುಖ ಕೈ ಊದಿಕೊಂಡರೆ, ಹೊಟ್ಟೆಯ ಮೇಲ್ಭಾಗ ನೋಯುತ್ತಿದ್ದರೆ, ನೀರು ಹೋದರೆ, ರಕ್ತ ಕಂಡರೆ, ಹೊಟ್ಟೆ ಮತ್ತೆ ಮತ್ತೆ ಗಟ್ಟಿಯಾಗುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ.

ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಹಾಗಾಗಿ ಹೆರಿಗೆ ಎಲ್ಲಿ ಎಂಬುದನ್ನು ಏಳನೆಯ ತಿಂಗಳೊಳಗೆ ನಿಶ್ಚಯಿಸಬೇಕು. ರಕ್ತ ಸಿಗುವ, ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ ಇರುವ ಆಸ್ಪತ್ರೆಯೇ ಆಗಬೇಕು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಲಿ ಎನ್ನುವ ಸಂಪ್ರದಾಯ ಒಳ್ಳೆಯದೇ. ತವರೂರಿನಿಂದ ಅಂಥ ಆಸ್ಪತ್ರೆ ಎಷ್ಟು ದೂರ ಎಂದು ನೋಡಿದ ಮೇಲೆ ಬುತ್ತಿ ಕಟ್ಟಿ. ಅವಳಿ ಎಂದರೆ ಆಪರೇಷನ್ನೇ ಎಂದುಕೊಳ್ಳಬೇಡಿ. ಮೊದಲ ಮಗುವಿನ ತಲೆ ಕೆಳಗಿದ್ದು ಬೇರೆ ತೊಂದರೆ ಇಲ್ಲದಿದ್ದರೆ ಸಹಜ ಹೆರಿಗೆಗೆ ಪ್ರಯತ್ನಿಸಬಹುದು. 25 ದೇಶಗಳ 2,804 ಗರ್ಭಿಣಿಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥವರಿಗೆ ಮೊದಲೇ ನಿಗದಿ ಮಾಡಿ ಸಿಸೇರಿಯನ್ ಮಾಡುವುದರಿಂದ ಮಕ್ಕಳಿಗೆ ವಿಶೇಷ ಲಾಭವೇನೂ ಕಾಣಲಿಲ್ಲ.

ಬಾಣಂತನದಲ್ಲಿ ಎರಡು ಮಾತು ಗಟ್ಟಿಯಾಗಿ ಹೇಳಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ಎರಡು ಮಕ್ಕಳಿಗೆ ಹಾಲೂಡಿಸುವವಳಿಗೆ ಹೀಗೆ ಮಾಡುವುದು ಕ್ರೌರ್ಯ. ಬಾಯಾರಿದಷ್ಟೂ ಕುಡಿಯಲಿ. ಎರಡಕ್ಕೂ ಹಾಲು ಸಾಲದು ಎಂದು ಮೊದಲ ದಿನವೇ ಬಾಟಲಿ ತರಬೇಡಿ, ಮಕ್ಕಳು ಚೀಪಿದಷ್ಟೂ ಹಾಲು ಬರುತ್ತದೆ. ಎರಡನೆಯದು ನಿದ್ರೆ. ಒಂದು ಮಲಗಿದಾಗ ಇನ್ನೊಂದು ಏಳುತ್ತದೆ, ತಾಯಿಗೆ ಹಗಲೂ ಇಲ್ಲ ರಾತ್ರಿಯೂ ಇಲ್ಲ. ಅವಳು ಕಾರಣವಿಲ್ಲದೆ ಅಳುತ್ತಿದ್ದರೆ, ಮಕ್ಕಳ ಮುಖ ನೋಡಲೂ ಮನಸ್ಸಿಲ್ಲದವಳಂತೆ ಕೂತಿದ್ದರೆ ದೃಷ್ಟಿ ತೆಗೆದು ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ. ತೂಕ ಕಡಿಮೆ ಇರುವ ಮಗುವನ್ನು ಎದೆಗೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ಅಪ್ಪನೂ ಮಾಡಬಹುದು. ನಮ್ಮ ವಾರ್ಡಿನಲ್ಲಿ ಒಬ್ಬ ಲಾರಿ ಚಾಲಕರು ಅಂಗಿ ಬಿಚ್ಚಿ, ಅಂಗೈಯಗಲದ ಮಗಳನ್ನು ಎದೆಗಿಟ್ಟುಕೊಂಡು, ಮೇಲೆ ಹೆಂಡತಿಯ ಹಳೆಯ ಸೀರೆ ಸುತ್ತಿಕೊಂಡು ಗಂಟೆಗಟ್ಟಲೆ ಅಲುಗಾಡದೆ ಕೂರುತ್ತಿದ್ದರು. ಪಕ್ಕದ ಮಂಚದಲ್ಲಿ ಹೆಂಡತಿ ಇನ್ನೊಂದು ಮಗುವಿನೊಂದಿಗೆ ನಿದ್ರಿಸುತ್ತಿದ್ದಳು.

ಕೊನೆಯದಾಗಿ, ಮನೆಗೆ ಬಂದ ಸಂಭ್ರಮದಲ್ಲಿ ತಪ್ಪಿಹೋಗುವ ಒಂದು ಪರೀಕ್ಷೆ. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಕಣ್ಣಿನ ಒಳಪರದೆಯ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡುತನ ಬರುವ ಅಪಾಯ ಇರುತ್ತದೆ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಹುಟ್ಟಿದ 30 ದಿನದೊಳಗೆ ಕಣ್ಣಿನ ತಜ್ಞರಿಗೆ ತೋರಿಸಿದರೆ ಲೇಸರ್ ಅಥವಾ ಇಂಜೆಕ್ಷನ್‌ನಿಂದ ದೃಷ್ಟಿ ಉಳಿಸಬಹುದು. ತೀರ ಸಣ್ಣ ಮಕ್ಕಳಿಗೆ ಎರಡು ಮೂರು ವಾರದಲ್ಲೇ ಆಗಬೇಕು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಆ ದಿನಾಂಕವನ್ನು ಬರೆಯಿಸಿಕೊಳ್ಳಿ. ಒಂದು ಮಗು ದಪ್ಪಗಿದೆ, ಅದಕ್ಕೆ ಬೇಡ ಎನ್ನಬೇಡಿ. ಎರಡನ್ನೂ ಕರೆದುಕೊಂಡು ಹೋಗಿ.

ನಮಸ್ಕಾರ.