ಕೊಂಬು ಕಳೆದುಕೊಂಡ ಫೈಲು

ನನಗಿಂತ ಮುಂಚೆ ಮಾತಾಡಿದವರು ಒಂದು ಮಾತು ಹೇಳಿ ಕೂತರು: ಈಗೆಲ್ಲ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಬಂದಿದೆ, ಅಕ್ಷರವನ್ನು ಫೈಲಿನಲ್ಲಿ ಸಂಖ್ಯೆಯಾಗಿ ಬರೆಯುವ ಎನ್ಕೋಡಿಂಗ್‌ನ ತಲೆನೋವು ಮುಗಿದ ಕತೆ. ನಾನು ಬರೆದುಕೊಂಡು ಬಂದಿದ್ದ ಮೊದಲ ಎರಡು ಪುಟ ಅಲ್ಲಿಗೆ ವ್ಯರ್ಥ, ಯಾಕೆಂದರೆ ಈಗ ಜಗಳದಿಂದಲೇ ಶುರು ಮಾಡಬೇಕು. ಮುಗಿದಿಲ್ಲ ಸ್ವಾಮಿ.

ಫೈಲ್ ತೆರೆದರೆ ಕನ್ನಡದ ಬದಲು ತಲೆ ಮೇಲೆ ಓರೆಗೀಟು ಇರುವ ಇಂಗ್ಲಿಷಿನ ‘ಎ’, ಪಕ್ಕದಲ್ಲಿ ಪುಟಾಣಿ 2 ಅಥವಾ ಪುಟಾಣಿ 3, ಆಮೇಲೆ ಏನೋ ಒಂದು ಚುಕ್ಕೆ, ಮತ್ತೆ ಅದೇ ‘ಎ’. ಇದನ್ನು ಯಾವತ್ತೂ ನೋಡಿಲ್ಲದವರು ಕೈಯೆತ್ತಿ. ಯಾರೂ ಇಲ್ಲ, ಸರಿ. ಜಪಾನಿನವರು ಇದಕ್ಕೆ ‘ಮೊಜಿಬಾಕೆ’ ಅಂತ ಹೆಸರಿಟ್ಟಿದ್ದಾರೆ, ಅಕ್ಷರದ ರೂಪ ಬದಲಾದದ್ದು ಎಂಬ ಅರ್ಥದಲ್ಲಿ. ನಾವು ‘ಫಾಂಟ್ ಇಲ್ಲ’ ಅಂದುಬಿಡುತ್ತೇವೆ. ಫಾಂಟ್ ಪಾಪ, ಅಲ್ಲೇ ಕೂತಿರುತ್ತದೆ.

ಆ ‘ಎ’ ಎಲ್ಲಿಂದ ಬಂತು? ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಮನೆಗಳಿವೆ. ಯುಟಿಎಫ್-8ರಲ್ಲಿ, ಅಂದರೆ ಯೂನಿಕೋಡನ್ನು ಫೈಲಿಗೆ ಇಳಿಸುವ ಸಾಮಾನ್ಯ ಕ್ರಮದಲ್ಲಿ, ಬರೆದರೆ ಒಂದೊಂದಕ್ಕೂ ಮೂರು ಬೈಟ್ (ಬೈಟ್ ಅಂದರೆ ಫೈಲಿನಲ್ಲಿ ಕೂತಿರುವ ಒಂದು ಸಂಖ್ಯೆ; ಇಲ್ಲಿ ಹದಿನಾರರ ಲೆಕ್ಕದಲ್ಲಿ ಹೇಳುತ್ತೇನೆ, ಅಲ್ಲಿ ‘ಎ’ಯಿಂದ ‘ಎಫ್’ವರೆಗಿನವೂ ಅಂಕಿಗಳೇ). ಮೊದಲನೆಯದು ಯಾವಾಗಲೂ ಇ0. ಎರಡನೆಯದು ಬಿ2 ಅಥವಾ ಬಿ3, ಬೇರೆ ದಾರಿಯೇ ಇಲ್ಲ. ‘ಕ’ ಅಂದರೆ ಇ0, ಬಿ2, 95. ಇದೇ ಬೈಟ್‌ಗಳನ್ನು ವಿಂಡೋಸ್-1252, ಅಂದರೆ ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ಕೋಷ್ಟಕ, ಅಂದುಕೊಂಡು ಓದಿದರೆ ಇ0 ಓರೆಗೀಟಿನ ‘ಎ’, ಬಿ2 ಪುಟಾಣಿ ಎರಡು, 95 ಕಪ್ಪು ಚುಕ್ಕೆ. ಅಂದರೆ ಆ ಕಸ ಕಂಡಾಗ ನೀವು ಸಮಾಧಾನಪಡಬೇಕು. ಒಳಗಿರುವುದು ಅಪ್ಪಟ ಕನ್ನಡ, ಫೈಲ್ ಆರೋಗ್ಯವಾಗಿದೆ, ಓದುತ್ತಿರುವ ಪ್ರೋಗ್ರಾಮಿನ ಕನ್ನಡಕ ಮಾತ್ರ ಬೇರೆಯವರದು. ಮಾಡಬೇಕಾದದ್ದು ಎಡಿಟರ್‌ನಲ್ಲಿ ‘ಯುಟಿಎಫ್-8 ಆಗಿ ಮತ್ತೆ ತೆರೆ’ ಎನ್ನುವುದು. ಪರಿವರ್ತನೆ ಅಲ್ಲ.

ನನ್ನ ಗೆಳೆಯ ಪರಿವರ್ತನೆ ಮಾಡಿದ. ಈ ಕತೆ ಕೇಳಿದವರು ಇಲ್ಲಿ ನಾಲ್ಕಾರು ಜನ ಇದ್ದೀರಿ, ಕ್ಷಮಿಸಿ, ಇನ್ನೊಮ್ಮೆ ಹೇಳುತ್ತೇನೆ.

ಮಕ್ಕಳ ಕತೆಗಳ ಒಂದು ಫೈಲು. ತೆರೆದಾಗ ಈ ‘ಎ’ಗಳ ಜಾತ್ರೆ ಕಂಡಿತು. ವಿಂಡೋಸ್-1252ರ ಹಾಗೆ ಕಾಣುತ್ತಿದೆಯಲ್ಲ ಅಂತ, ಎನ್ಕೋಡಿಂಗ್ ಬದಲಿಸುವ ಪ್ರೋಗ್ರಾಮಾದ ಐಕಾನ್ವ್‌ಗೆ ‘ವಿಂಡೋಸ್-1252ರಿಂದ ಯುಟಿಎಫ್-8ಕ್ಕೆ’ ಎಂದು ಆಜ್ಞೆ ಕೊಟ್ಟ. ಅದು ಅರ್ಧದಾರಿಯಲ್ಲಿ ನಿಂತು ದೂರು ಹೇಳಿತು. ದೂರು ಹೇಳುವ ಪ್ರೋಗ್ರಾಮಿನ ಬಾಯಿ ಮುಚ್ಚಿಸಲು ನಮಗೆಲ್ಲ ಬರುತ್ತದೆ. ಅವನು ‘-ಸಿ’ ಆಯ್ಕೆ ಹಾಕಿದ. ಹೊಂದದ್ದನ್ನು ಬಿಟ್ಟು ಮುಂದೆ ಹೋಗು ಅಂತ ಅದರ ಅರ್ಥ. ಐಕಾನ್ವ್ ವಿಧೇಯ, ಬಿಟ್ಟು ಹೋಯಿತು. ಫಲ ನೋಡಿದರೆ ಇನ್ನೂ ದೊಡ್ಡ ಕಸ. ಗಾಬರಿಯಾಗಿ ಹಿಂದಕ್ಕೆ ತಿರುಗಿಸಿದ. ಅಲ್ಲಿ ಉಳಿದಿದ್ದ ಮುರುಕು ಬೈಟ್‌ಗಳನ್ನೂ ಅದೇ ‘-ಸಿ’ಯಿಂದ ಗುಡಿಸಿದ. ಕೊನೆಗೆ ಕನ್ನಡ ಬಂತು! ಸಂಭ್ರಮದಿಂದ ನನಗೆ ಕಳಿಸಿದ. ಕತೆಯ ಮೊದಲ ಸಾಲು ಹೀಗಿತ್ತು: ‘ಹಡಗ ಹಡಗ ಹತತಿದ.’

ಮೂಲದಲ್ಲಿ ‘ಹುಡುಗ ಹಡಗು ಹತ್ತಿದ’ ಅಂತ ಇತ್ತು. ಇಡೀ ಫೈಲಿನಲ್ಲಿ ಒಂದು ಕೊಂಬೂ ಉಳಿದಿರಲಿಲ್ಲ, ಒಂದು ಒತ್ತಕ್ಷರವೂ ಉಳಿದಿರಲಿಲ್ಲ. ‘ಅಮ್ಮ’ ಹೋಗಿ ‘ಅಮಮ’. ‘ಏನು’ ಹೋಗಿ ಬರೀ ‘ನ’. ಹುಡುಗ ಹಡಗೇ ಆಗಿಬಿಟ್ಟಿದ್ದ.

ಯಾಕೆ ಇವೇ ಹೋದವು? ವಿಂಡೋಸ್-1252ರಲ್ಲಿ ಐದು ಜಾಗ ಖಾಲಿ ಇವೆ: 81, 8ಡಿ, 8ಎಫ್, 90, 9ಡಿ. ನಮ್ಮ ಕೊಂಬಿನ ಮೂರನೇ ಬೈಟ್ 81. ಒತ್ತಕ್ಷರ ಜೋಡಿಸುವ ಹಲಂತದ ಗುರುತಿಗೆ ಯೂನಿಕೋಡ್ ‘ವಿರಾಮ’ ಅನ್ನುತ್ತದೆ, ಅದರ ಮೂರನೇ ಬೈಟ್ 8ಡಿ. 8ಎಫ್ ‘ಏ’ಗೆ, 90 ‘ಐ’ಗೆ, 9ಡಿ ‘ಝ’ಗೆ. ಖಾಲಿ ಜಾಗಕ್ಕೆ ಬಿದ್ದವರನ್ನೆಲ್ಲ ‘-ಸಿ’ ಕೈಬಿಟ್ಟಿತು. ಎರಡನೇ ಸಲ ಗುಡಿಸದೆ ಇದ್ದಿದ್ದರೆ, ನೋಡಿ, ಉಳಿಸಬಹುದಿತ್ತು. ಇ0, ಬಿ3 ಎಂಬ ಮುರುಕು ಉಳಿದಿದ್ದರೆ ಅಲ್ಲಿ ಇದ್ದದ್ದು ಬಹುತೇಕ ಕೊಂಬು, ಇಲ್ಲವೇ ವಿರಾಮ. ಎರಡರಲ್ಲಿ ಯಾವುದು ಅಂತ ನಿಘಂಟು ಇಟ್ಟುಕೊಂಡು ಹೇಳಬಹುದು. ಗುಡಿಸಿದ ಮೇಲೆ ಆ ಗುರುತೂ ಇಲ್ಲ. ಅವನು ವಾರಗಟ್ಟಲೆ ಕೂತು ಕೈಯಲ್ಲೇ ಕೊಂಬು ಹಚ್ಚಿದ.

ಅದಕ್ಕೇ ಪದೇ ಪದೇ ಹೇಳುವುದು: ಫೈಲಿನಲ್ಲಿ ಇರುವುದು ಬೈಟ್, ಅಕ್ಷರವಲ್ಲ. ತಾನು ಯಾವ ಅಕ್ಷರ ಅಂತ ಬೈಟ್ ಹೇಳುವುದಿಲ್ಲ. ಬರೆದವನಿಗೆ ಗೊತ್ತು; ಅವನನ್ನು ಕೇಳಿ. ಕೇಳಲಾಗದಿದ್ದರೆ ಮಾತ್ರ ಎನ್ಕೋಡಿಂಗ್ ಪತ್ತೆಹಚ್ಚುವ ಉಪಕರಣ.

ಉಪಕರಣಕ್ಕೆ ಬರೋಣ, ಸಂಘಟಕರು ಗಡಿಯಾರ ನೋಡುತ್ತಿದ್ದಾರೆ. ‘ಫೈಲ್’ ಎಂಬ ಆಜ್ಞೆ, ಚಾರ್‌ಡೆಟ್, ಯುಚಾರ್‌ಡೆಟ್, ಇವೆಲ್ಲ ಮಾಡುವುದು ಎರಡು ತೀರ ಬೇರೆ ಕೆಲಸ. ಯುಟಿಎಫ್-8 ಆದರೆ ಪರೀಕ್ಷೆ. ಮೊದಲ ಬೈಟ್ ‘ನನ್ನ ಹಿಂದೆ ಇಷ್ಟು ಜನ ಬರುತ್ತಾರೆ’ ಎಂದು ಹೇಳುತ್ತದೆ, ಬಂದವರ ಹಣೆಯ ಮೇಲೆ ‘10’ ಎಂಬ ಬಿಟ್ ಗುರುತು ಇರಬೇಕು. ಬೇರೆ ಎನ್ಕೋಡಿಂಗ್‌ನ ಉದ್ದನೆಯ ಫೈಲು ಆಕಸ್ಮಿಕವಾಗಿ ಈ ನಿಯಮ ಪಾಲಿಸುವುದು ತೀರ ಅಪರೂಪ. ಆದರೆ ಐಎಸ್‌ಒ 8859 ಎಂಬ ಹಳೆಯ ಒಂದು-ಬೈಟ್ ಕೋಷ್ಟಕಗಳ ಕುಟುಂಬದ ಹೆಚ್ಚಿನವುಗಳಲ್ಲಿ ಯಾವ ಬೈಟ್ ಬಂದರೂ ಸರಿಯೇ. ಅಲ್ಲಿ ಉಳಿಯುವುದು ಊಹೆ. ಯಾವ ಅಕ್ಷರ ಎಷ್ಟು ಸಲ, ಯಾವುದರ ಪಕ್ಕ ಯಾವುದು ಎಂದು ಎಣಿಸಿ ಭಾಷೆಯನ್ನು ಊಹಿಸುವ ವಿಧಾನವನ್ನು 2001ರಲ್ಲಿ ನೆಟ್‌ಸ್ಕೇಪ್‌ನ ಇಬ್ಬರು ಇಂಜಿನಿಯರ್‌ಗಳು ಬರೆದಿಟ್ಟರು. ಚಾರ್‌ಡೆಟ್‌ನ ಬೇರು ಅದು. ಚಾರ್‌ಡೆಟ್ ಪಕ್ಕದಲ್ಲಿ ವಿಶ್ವಾಸದ ಅಂಕಿಯನ್ನೂ ಕೊಡುತ್ತದೆ. ‘ಐಎಸ್‌ಒ 8859-1, ವಿಶ್ವಾಸ 0.73’ ಅಂದರೆ ಅದು ತೀರ್ಪಲ್ಲ, ‘ಇರಬಹುದೇನೋ’ ಅಂತ.

ಊಹೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ನೋಟ್‌ಪ್ಯಾಡ್ ಸಾಕ್ಷಿ. ‘ಬುಷ್ ಹಿಡ್ ದ ಫ್ಯಾಕ್ಟ್ಸ್’ ಎಂದು ಇಂಗ್ಲಿಷಿನಲ್ಲಿ ಬರೆದು ಉಳಿಸಿ ಮತ್ತೆ ತೆರೆದರೆ ಒಂಬತ್ತು ಚೀನೀ ಅಕ್ಷರ! ಜನ ಇದರಲ್ಲಿ ರಾಜಕೀಯ ಸಂಚು ಕಂಡರು. ಇದ್ದದ್ದು ಇಷ್ಟೇ: 18 ಬೈಟ್‌ಗಳನ್ನು ಯುಟಿಎಫ್-16 ಅಂತ ಊಹಿಸಿ ಎರಡೆರಡಾಗಿ ಜೋಡಿಸಿತು. ವಿಂಡೋಸ್ ವಿಸ್ಟಾದಲ್ಲಿ ಸರಿಪಡಿಸಿದರು.

ಚೀಟಿ ಬಂತು. ಐದು ನಿಮಿಷವಂತೆ. ಫೈಲಿನ ತಲೆಗೆ ಹಚ್ಚುವ ಬಿಒಎಂ ಎಂಬ ಗುರುತಿನ ಬಗ್ಗೆ ಬರೆದುಕೊಂಡದ್ದನ್ನು ಬಿಡುತ್ತೇನೆ.

ಒಂದನ್ನು ಬಿಡಲಾರೆ. ಯೂನಿಕೋಡ್‌ಗಿಂತ ಹಿಂದಿನ ಕನ್ನಡ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲುಗಳಿವೆಯಲ್ಲ, ಅವನ್ನು ಚಾರ್‌ಡೆಟ್‌ಗೆ ಕೊಟ್ಟರೆ ‘ಲ್ಯಾಟಿನ್’ ಅನ್ನುತ್ತದೆ. ನಾವು ಅದನ್ನು ಬೈಯುತ್ತೇವೆ. ಅದು ಹೇಳಿದ್ದೇ ಸರಿ! ಒಳಗಿರುವುದು ಲ್ಯಾಟಿನ್ ಸಂಕೇತಗಳೇ, ಕನ್ನಡ ಇದ್ದದ್ದು ಫಾಂಟಿನ ಚಿತ್ರದಲ್ಲಿ. ಅಲ್ಲಿ ಐಕಾನ್ವ್ ಏನೂ ಮಾಡಲಾರದು. ಆ ಫಾಂಟಿನ ಕೋಷ್ಟಕ ಗೊತ್ತಿರುವ, ಅರ್ಕಾವತ್ತನ್ನು ಅದರ ಜಾಗಕ್ಕೆ ಎತ್ತಿಡಬಲ್ಲ ಬೇರೆಯದೇ ಪರಿವರ್ತಕ ಬೇಕು. ಯಾವ ಫಾಂಟು ಅಂತ ಹೇಳಬೇಕಾದವರು ಮತ್ತೆ ಯಾರು? ಬರೆದವರೇ.

ಮನೆಗೆ ಹೋಗಿ ಇವತ್ತೇ ಪ್ರಯೋಗ ಮಾಡುವವರಿಗೆ: ಐಕಾನ್ವ್‌ನ ಫಲಿತಾಂಶವನ್ನು ಅದೇ ಹೆಸರಿನ ಫೈಲಿಗೆ ತಿರುಗಿಸಬೇಡಿ. ಐಕಾನ್ವ್ ಓದಲು ಶುರು ಮಾಡುವ ಮೊದಲೇ ನಿಮ್ಮ ಆಜ್ಞೆ ನಡೆಸುವ ಶೆಲ್ ಆ ಫೈಲನ್ನು ಖಾಲಿ ಮಾಡಿರುತ್ತದೆ, ನಿಮಗೆ ಸಿಗುವುದು ಸೊನ್ನೆ ಬೈಟ್. ಇದನ್ನು ಗೆಳೆಯನ ಹೆಸರಲ್ಲಿ ಹೇಳಬಹುದಿತ್ತು, ಆದರೆ ಅವನು ಎರಡನೇ ಸಾಲಿನಲ್ಲೇ ಕೂತಿದ್ದಾನೆ. ಇದು ನಾನೇ ಮಾಡಿದ್ದು. ಪ್ರಶ್ನೆ ಇದ್ದರೆ ಕೇಳಿ, ಕೊಂಬಿನ ಬಗ್ಗೆ ಆದರೆ ಅವನನ್ನು ಕೇಳಿ.