ಆನ್ ಆದರೆ ಸಾಲದು: ಬೇರೆಬೇರೆ ರ್‍ಯಾಮ್ ಜೊತೆಗೂಡಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕ್ಯಾಬಿನೆಟ್ ಬಿಚ್ಚಿ ನೋಡಿದವರೇ ಇಲ್ಲಿ ಕೂತಿದ್ದೀರಿ, ಹಾಗಾಗಿ ರ್‍ಯಾಮ್ ಅಂದರೇನು ಅಂತ ಹೇಳುತ್ತಾ ಕೂರುವುದಿಲ್ಲ. ಹಳೆಯ ರ್‍ಯಾಮ್ ಸ್ಟಿಕ್ ಪಕ್ಕ ಬೇರೆ ಕಂಪನಿಯದ್ದೊಂದು ಹಾಕಬಹುದೇ ಅಂತ ಯಾರನ್ನೇ ಕೇಳಿ, ಎರಡೇ ಉತ್ತರ. ಒಬ್ಬರು "ಬೇಡವೇ ಬೇಡ, ಇರೋದನ್ನ ತೆಗೆದು ಹೊಸ ಜೋಡಿ ಹಾಕಿ" ಅನ್ನುತ್ತಾರೆ. ಇನ್ನೊಬ್ಬರು "ಹಾಕಿ ನೋಡಿ, ಆನ್ ಆದರೆ ಆಯ್ತು" ಅನ್ನುತ್ತಾರೆ. ಎರಡೂ ತಪ್ಪು. ಮೊದಲಿನವರ ಮಾತು ಕೇಳಿದರೆ ಚೆನ್ನಾಗಿರುವ ಸ್ಟಿಕ್ ಕಸಕ್ಕೆ ಹೋಗುತ್ತದೆ. ಎರಡನೆಯವರ ಮಾತು ಕೇಳಿದರೆ ನಿಮ್ಮ ಫೈಲುಗಳೇ ಹೋಗಬಹುದು.

ಸೇರಲೇ ಆಗದ್ದು ಬೆರಳೆಣಿಕೆಯಷ್ಟು. ಡಿಡಿಆರ್4, ಡಿಡಿಆರ್5 ಅನ್ನುವುದು ರ್‍ಯಾಮಿನ ಎರಡು ತಲೆಮಾರು; ಡೆಸ್ಕ್‌ಟಾಪಿನಲ್ಲಿ ಎರಡಕ್ಕೂ 288 ಪಿನ್ನೇ, ಆದರೆ ಕಚ್ಚಿನ ಜಾಗ ಬೇರೆ, ಒಂದಕ್ಕೆ 1.2 ವೋಲ್ಟ್, ಇನ್ನೊಂದಕ್ಕೆ 1.1. ಸ್ಲಾಟಿನಲ್ಲಿ ಕೂರಲಿಲ್ಲ ಅಂತ ಹೆಬ್ಬೆರಳಲ್ಲಿ ಒತ್ತಬೇಡಿ, ದಯವಿಟ್ಟು. ಸರ್ವರಿನಿಂದ ತೆಗೆದ ರಿಜಿಸ್ಟರ್ಡ್ ರ್‍ಯಾಮ್ ಕೂಡ ಮಾಮೂಲಿ ಡೆಸ್ಕ್‌ಟಾಪಿಗೆ ಆಗದು.

ಉಳಿದದ್ದೆಲ್ಲ ಮಾತುಕತೆಗೆ ಬಗ್ಗುತ್ತದೆ. ಪ್ರತಿ ಸ್ಟಿಕ್ ಮೇಲೂ ಎಸ್‌ಪಿಡಿ ಅನ್ನುವ ಪುಟ್ಟ ಚಿಪ್ ಇದೆ. ತನ್ನ ಸಾಮರ್ಥ್ಯ ಎಷ್ಟು, ವೇಗ ಎಷ್ಟು, ಟೈಮಿಂಗ್ (ಉತ್ತರಿಸಲು ಹಿಡಿಯುವ ಹೊತ್ತು) ಏನು ಅಂತ ಅದರಲ್ಲಿ ಬರೆದಿರುತ್ತದೆ. ಯಂತ್ರ ಶುರುವಾಗುವಾಗ ಮೊದಲು ಓಡುವ ಬಯೋಸ್ ಎಲ್ಲವನ್ನೂ ಓದಿ, ಎಲ್ಲಕ್ಕೂ ಹೊಂದುವ ವೇಗವನ್ನು ಗೊತ್ತುಮಾಡುತ್ತದೆ. 3200 ವೇಗದ ಸ್ಟಿಕ್ ಜೊತೆ 2666ರದ್ದು ಹಾಕಿದರೆ ಎರಡೂ 2666ರಲ್ಲೇ ಓಡುತ್ತವೆ. ಒಂದೇ ನೊಗದ ಎತ್ತುಗಳ ಹಾಗೆ, ನಿಧಾನದ್ದು ನಡೆದಷ್ಟೇ ನಡಿಗೆ. ನಷ್ಟವಲ್ಲವೇ ಅಂತ ಕೇಳುತ್ತೀರಿ. 8 ಜಿಬಿ ತುಂಬಿ, ಹಿಡಿಸದ ಡೇಟಾ ಡಿಸ್ಕಿಗೆ ಹೋಗಿಬರತೊಡಗಿದಾಗ (ಇದೇ ಸ್ವಾಪ್) ಆಗುವ ನಷ್ಟದ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಮೇಲಾಗಿ ಡಿಡಿಆರ್4-3200ರ ಒಂದು ಚಾನೆಲ್, ಅಂದರೆ ಪ್ರೊಸೆಸರಿಗೆ ಡೇಟಾ ಹೋಗಿಬರುವ ಒಂದು ದಾರಿ, ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸುತ್ತದೆ, ಎರಡು ಚಾನೆಲ್ ಸೇರಿದರೆ 51.2. ವೇಗ 2666ಕ್ಕೆ ಇಳಿದರೂ ಎರಡು ಚಾನೆಲ್ಲಿಗೆ 42ರ ಮೇಲೆ ಸಿಗುತ್ತದೆ. ಒಂಟಿ ಸ್ಟಿಕ್ಕಿಗೆ ಒಂದೇ ಚಾನೆಲ್, ಹಾಗಾಗಿ ಅದಕ್ಕಿಂತ ಹೊಂದದ ಜೋಡಿಯೇ ಮೇಲು! ಇಂಟೆಲ್ ಫ್ಲೆಕ್ಸ್ ಮೋಡ್ ಇರುವಲ್ಲಿ 8 ಜಿಬಿಯ ಜೊತೆ 4 ಜಿಬಿ ಹಾಕಿದರೂ ನಾಲ್ಕು-ನಾಲ್ಕು ಜಿಬಿ ಜೋಡಿಯಾಗಿ ಎರಡು ಚಾನೆಲ್ಲಿನಲ್ಲಿ ಓಡುತ್ತವೆ, ಮಿಕ್ಕ 4 ಮಾತ್ರ ಒಂದೇ ಚಾನೆಲ್ಲಿನಲ್ಲಿ.

ಈಗ ನನ್ನ ಸ್ನೇಹಿತರೊಬ್ಬರ ಕಥೆ ಹೇಳಲೇಬೇಕು. ಫೋಟೊ ಕೆಲಸ ಅವರದ್ದು. ಎರಡು ಸ್ಟಿಕ್ಕಿನ ಒಂದು ಕಿಟ್ ಇತ್ತು, ಅದೇ ಮಾಡೆಲಿನ ಇನ್ನೊಂದು ಕಿಟ್ ತಂದು ಹಾಕಿದರು. ಎಕ್ಸ್‌ಎಂಪಿ (ಕಂಪನಿ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್) ಆನ್, ವೇಗ 3200. ಯಂತ್ರ ಸಲೀಸಾಗಿ ಶುರುವಾಯಿತು. ಕೆಲವು ತಿಂಗಳಾದ ಮೇಲೆ ಜಿಪ್ ಫೈಲ್ ಬಿಚ್ಚುವಾಗ ಸಿಆರ್‌ಸಿ ಎರರ್, ಅಂದರೆ ಒಳಗಿನ ಡೇಟಾ ತಾಳೆಯಾಗುತ್ತಿಲ್ಲ. ಹಾರ್ಡ್ ಡಿಸ್ಕ್ ಬದಲಾಯಿಸಿದರು, ಕೇಬಲ್ ಬದಲಾಯಿಸಿದರು, ವಿಂಡೋಸ್ ಹೊಸದಾಗಿ ಹಾಕಿದರು. ಬದಲಾಗದೆ ಉಳಿದದ್ದು ಕ್ಯಾಬಿನೆಟ್ಟು ಮತ್ತು ಅವರ ಹಟ. ನಾನು ಕೇಳಿದ್ದು ಒಂದೇ: ಪ್ರತಿ ಸಲ ಅದೇ ಫೈಲಿಗೆ ಎರರ್ ಬರುತ್ತದೆಯೇ? ಇಲ್ಲ, ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ. ಡಿಸ್ಕಿನ ದೋಷವಾದರೆ ಸಾಮಾನ್ಯವಾಗಿ ಕೂತಲ್ಲೇ ಕೂರುತ್ತದೆ. ಹೀಗೆ ಜಾಗ ಬದಲಿಸಿದರೆ ರ್‍ಯಾಮ್ ಮೇಲೆ ಅನುಮಾನ ಪಡಬೇಕು.

ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿದೆವು. ಮೊದಲ ಪಾಸ್ (ಪರೀಕ್ಷೆಯ ಒಂದು ಪೂರ್ತಿ ಸುತ್ತು) ಸ್ವಚ್ಛ. "ನೋಡಿದಿರಾ?" ಅಂದರು. ಇರಿ ಅಂದೆ. ಎರಡನೇ ಪಾಸಿನ ನಡುವೆ ಎರರಿನ ಕೆಂಪು ಸಾಲುಗಳು ಶುರುವಾದವು. ಎಕ್ಸ್‌ಎಂಪಿ ಆಫ್ ಮಾಡಿ ಇಡೀ ರಾತ್ರಿ ಬಿಟ್ಟೆವು, ಒಂದೂ ಎರರ್ ಇಲ್ಲ. ಎಕ್ಸ್‌ಎಂಪಿ ವೇಗದ ಭರವಸೆ ಒಂದು ಡಬ್ಬಿಯೊಳಗಿನ ಸ್ಟಿಕ್ಕುಗಳಿಗೆ ಮಾತ್ರ. ಮಾಡೆಲ್ ನಂಬರ್ ಒಂದೇ ಇದ್ದರೂ ಒಳಗೆ ಒಂದರಲ್ಲಿ ಸ್ಯಾಮ್‌ಸಂಗ್ ಚಿಪ್, ಇನ್ನೊಂದರಲ್ಲಿ ಮೈಕ್ರಾನ್ ಇರಬಹುದು. ಅವರ ನಿಜವಾದ ಸಂಕಟ ಇದಲ್ಲ. ಅಷ್ಟು ತಿಂಗಳು ಕೆಟ್ಟ ಬಿಟ್‌ಗಳೊಂದಿಗೆ ಸೇವ್ ಆದ ಚಿತ್ರಗಳು ಬ್ಯಾಕಪ್ಪಿಗೂ ಹಾಗೇ ಹೋಗಿದ್ದವು. ಅರ್ಧಕ್ಕೆ ಬೂದು ಬಣ್ಣ ಬಳಿದಂಥ ಫೋಟೊ ತೋರಿಸಿದಾಗ ಏನು ಹೇಳಬೇಕೋ ತೋಚಲಿಲ್ಲ. ಯಂತ್ರ ಮಾತ್ರ ದಿನವೂ ಆನ್ ಆಗುತ್ತಿತ್ತು!

ಸಮಯವಾಯಿತು ಅಂತ ಚೀಟಿ ಬಂದಿದೆ.  ಡಿಡಿಆರ್5ರಲ್ಲಿ ನಾಲ್ಕು ಸ್ಟಿಕ್ ಹಾಕುವವರು ಗಮನಿಸಿ: ರೈಜೆನ್ 7000 ಪ್ರೊಸೆಸರುಗಳಲ್ಲಿ ಎರಡು ಸ್ಟಿಕ್ಕಿಗೆ ಅದರ ಕಂಪನಿ ಎಎಂಡಿ ಹೇಳುವ ವೇಗ 5200, ನಾಲ್ಕಾದರೆ 3600 ಅಷ್ಟೇ. ಹೊಸ ಸ್ಟಿಕ್ ಹಾಕಿದ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು, ಅದು ಮೆಮೊರಿ ಟ್ರೈನಿಂಗ್, ಹೊಸ ಸ್ಟಿಕ್ಕಿಗೆ ಯಂತ್ರ ಹೊಂದಿಸಿಕೊಳ್ಳುವ ಹೊತ್ತು. ಗಾಬರಿಯಾಗಿ ಪವರ್ ತೆಗೆಯಬೇಡಿ. ಎರರ್ ಬಂದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಒಂಟಿಯಾಗಿ ಪಾಸಾಗಿ, ಸೇರಿದಾಗ ಮಾತ್ರ ಫೇಲಾದರೆ ವೇಗವನ್ನು ಒಂದು ಮೆಟ್ಟಿಲು ಇಳಿಸಿ, ಮತ್ತೆ ರಾತ್ರಿಯಿಡೀ ಓಡಿಸಿ. ಪ್ರಶ್ನೆ ಇದ್ದವರು ಕೇಳಿ, ಸ್ಟಿಕ್ ತಂದವರು ಮುಂದೆ ಬನ್ನಿ, ಎಸ್‌ಪಿಡಿಯಲ್ಲಿ ಏನಿದೆ ಅಂತ ಇಲ್ಲೇ ಓದಿ ನೋಡೋಣ.